ಶ್ರವಣದೋಷವುಳ್ಳ ಪ್ರೌಢಶಾಲಾ ವಿದ್ಯಾರ್ಥಿಗಳು: ಅರಿವು, ದೈನಂದಿನ ಶಾಲಾ ಜೀವನ ಮತ್ತು ಸೌಲಭ್ಯಗಳು

(ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಶ್ರವಣದೋಷವು ಹೊರಗೆ ಕಾಣುವ ನ್ಯೂನತೆಯಲ್ಲ. ಆದ್ದರಿಂದ ತರಗತಿಯಲ್ಲಿ ಉತ್ತರಿಸದ ವಿದ್ಯಾರ್ಥಿಯನ್ನು ಗಮನವಿಲ್ಲದವನು, ಮಂದಬುದ್ಧಿಯವನು ಅಥವಾ ಅವಿಧೇಯನು ಎಂದು ಭಾವಿಸುವುದು ಸಾಮಾನ್ಯವಾಗಿದೆ. ಎಂಟನೇ ತರಗತಿಗೆ ಬರುವವರೆಗೂ ದೋಷವು ಗಮನಕ್ಕೆ ಬಾರದೆ ಉಳಿಯುವ ಸಂದರ್ಭಗಳಿವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ರಿಯಾಯಿತಿ ಹಾಗೂ ವಿದ್ಯಾರ್ಥಿವೇತನಗಳಿಗೆ ಅಂಗವಿಕಲತೆಯ ಪ್ರಮಾಣಪತ್ರ ಅವಶ್ಯಕವಾಗಿರುವುದರಿಂದ, ಪಾಲಕರು ಹತ್ತನೇ ತರಗತಿಯವರೆಗೆ ಕಾಯದೆ ಎಂಟನೇ ತರಗತಿಯಲ್ಲಿಯೇ ಕ್ರಮ ಕೈಗೊಳ್ಳುವುದು ಸೂಕ್ತ. ಈ ಪುಟದಲ್ಲಿ ಅದಕ್ಕೆ ಬೇಕಾದ ಮಾಹಿತಿಯನ್ನು ಕ್ರಮವಾಗಿ ನೀಡಲಾಗಿದೆ.

2. ಕಾನೂನಿನ ವ್ಯಾಖ್ಯೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 (ಜಾರಿ: 19-04-2017) 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಅದರಂತೆ,

• ಕಿವುಡರು: ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟ ಹೊಂದಿರುವವರು.
• ಮಂದ ಶ್ರವಣದವರು: ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ಶ್ರವಣ ನಷ್ಟ ಹೊಂದಿರುವವರು.

ಒಂದೇ ಕಿವಿ ಕೇಳಿಸದ ವಿದ್ಯಾರ್ಥಿಯು ಈ ವ್ಯಾಖ್ಯೆಯೊಳಗೆ ಬರುವುದಿಲ್ಲವಾದರೂ, ತರಗತಿಯಲ್ಲಿ ಸೂಕ್ತ ಆಸನ ಹಾಗೂ ಶಿಕ್ಷಕರ ಗಮನ ಆ ವಿದ್ಯಾರ್ಥಿಗೂ ಅಗತ್ಯ.

‘ಕಿವುಡ-ಮೂಗ’ ಎಂಬ ಪದವನ್ನು ಬಳಸಬಾರದು. ಬಹುತೇಕ ಕಿವುಡರ ಧ್ವನಿಯಂಗಗಳಲ್ಲಿ ಯಾವುದೇ ದೋಷವಿರುವುದಿಲ್ಲ. ಮಾತು ಕಿವಿಗೆ ಬೀಳದ ಕಾರಣ ಅದನ್ನು ಕಲಿಯುವುದು ಕಷ್ಟವಾಗುತ್ತದೆ, ಅಷ್ಟೆ.

3. ಗುರುತಿಸುವುದು ಹೇಗೆ?

ಹಿಂದಿನಿಂದ ಕರೆದಾಗ ತಿರುಗದಿರುವುದು, ಮಾತನಾಡುವವರ ತುಟಿಯನ್ನೇ ದಿಟ್ಟಿಸುವುದು, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ನೀಡುವುದು, ಉಕ್ತಲೇಖನದಲ್ಲಿ ಮಾತ್ರ ಹೆಚ್ಚು ತಪ್ಪು ಮಾಡುವುದು, ಪಕ್ಕದವರ ಪುಸ್ತಕ ನೋಡಿ ಬರೆಯುವುದು ಮುಖ್ಯ ಲಕ್ಷಣಗಳು.

ಕಿವಿ ಸೋರುವಿಕೆಯಿಂದ ಉಂಟಾಗುವ ಶ್ರವಣ ನಷ್ಟವನ್ನು ಅನೇಕ ಸಂದರ್ಭಗಳಲ್ಲಿ ಚಿಕಿತ್ಸೆಯಿಂದ ಸರಿಪಡಿಸಬಹುದು. ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಅಥವಾ ಸೊಪ್ಪಿನ ರಸ ಹಾಕದೆ, ಕಿವಿ-ಮೂಗು-ಗಂಟಲು ತಜ್ಞರಲ್ಲಿ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಶ್ರವಣದೋಷವೂ ಸೇರಿದೆ. ಆರೋಗ್ಯ ತಂಡವು ಶಾಲೆಗೆ ಬಂದಾಗ ಶಿಕ್ಷಕರು ಸಂದೇಹವಿರುವ ವಿದ್ಯಾರ್ಥಿಗಳನ್ನು ತಪ್ಪದೇ ತೋರಿಸುವುದು.

4. ಶಾಲೆಯ ದಿನಚರಿಯಲ್ಲಿ ಗಮನಿಸಬೇಕಾದ ಅಂಶಗಳು

ತುಟಿ ಚಲನೆ ನೋಡಿ ಮಾತನ್ನು ಸಂಪೂರ್ಣವಾಗಿ ತಿಳಿಯಲು ಸಾಧ್ಯವಿಲ್ಲ. ‘ಪರ’, ‘ಬರ’, ‘ಮರ’ ಎಂಬ ಮೂರು ಪದಗಳನ್ನು ಧ್ವನಿಯಿಲ್ಲದೆ ಕನ್ನಡಿಯ ಮುಂದೆ ಉಚ್ಚರಿಸಿದರೆ ತುಟಿಗಳು ಒಂದೇ ರೀತಿ ಚಲಿಸುವುದನ್ನು ಯಾರಾದರೂ ಕಾಣಬಹುದು. ವಿದ್ಯಾರ್ಥಿಯು ಉಳಿದುದನ್ನು ಸಂದರ್ಭದಿಂದ ಊಹಿಸುತ್ತಾನೆ. ದಿನವಿಡೀ ಹೀಗೆ ಊಹಿಸುವುದು ಆಯಾಸಕರ. ಕೊನೆಯ ಅವಧಿಗಳಲ್ಲಿ ಗಮನ ಕುಗ್ಗುವುದಕ್ಕೆ ಇದೂ ಒಂದು ಕಾರಣ.

(ಅ) ಪ್ರಾರ್ಥನೆ: ಪರೀಕ್ಷೆ, ರಜೆ, ಶುಲ್ಕ ಮುಂತಾದ ಸೂಚನೆಗಳನ್ನು ಪ್ರಾರ್ಥನೆಯ ವೇಳೆ ಬಾಯಿಮಾತಿನಲ್ಲಿ ಹೇಳಿದ ನಂತರ ತರಗತಿಯ ಕಪ್ಪು ಹಲಗೆಯ ಮೇಲೂ ಬರೆಯಿಸಬೇಕು.

(ಆ) ಆಸನ: ಮುಂದಿನ ಒಂದು ಅಥವಾ ಎರಡನೇ ಸಾಲಿನಲ್ಲಿ, ಶಿಕ್ಷಕರ ಮುಖ ಸ್ಪಷ್ಟವಾಗಿ ಕಾಣುವಂತೆ ಕೂರಿಸಬೇಕು. ಬೆಳಕು ಶಿಕ್ಷಕರ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನುಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ.

(ಇ) ಪಾಠ: ಹಲಗೆಗೆ ಮುಖ ಮಾಡಿ ಬರೆಯುತ್ತಾ ಮಾತನಾಡಬಾರದು. ಬರೆದು ಮುಗಿಸಿ, ತಿರುಗಿ ನಿಂತು ವಿವರಿಸಬೇಕು. ಕೂಗಿ ಹೇಳುವ ಅಗತ್ಯವಿಲ್ಲ. ಕೂಗಿದಾಗ ತುಟಿಗಳ ಆಕಾರ ಬದಲಾಗುತ್ತದೆ.

(ಈ) ಟಿಪ್ಪಣಿ: ತುಟಿ ನೋಡುವುದು ಮತ್ತು ಬರೆಯುವುದು ಏಕಕಾಲದಲ್ಲಿ ಸಾಧ್ಯವಿಲ್ಲ. ಸಹಪಾಠಿಯ ಟಿಪ್ಪಣಿ ಪುಸ್ತಕವನ್ನು ಪಡೆಯುವ ವ್ಯವಸ್ಥೆ ಮಾಡಬೇಕು. ‘ಅರ್ಥವಾಯಿತೇ?’ ಎಂದು ಕೇಳಿದರೆ ತಲೆಯಾಡಿಸುವುದು ರೂಢಿಯಾಗಿರುತ್ತದೆ. ಬದಲಿಗೆ ಒಂದು ಪ್ರಶ್ನೆಯನ್ನು ಬರೆದುಕೊಟ್ಟು ಉತ್ತರ ಪಡೆಯಬೇಕು.

(ಉ) ಆಟ ಮತ್ತು ಊಟದ ಬಿಡುವು: ಪೀಪಿಯ ಬದಲು ಬಾವುಟ ಅಥವಾ ಕೈ ಸನ್ನೆ ಬಳಸಬಹುದು. ಗುಂಪಿನ ಹರಟೆಯಲ್ಲಿ ಪಾಲ್ಗೊಳ್ಳಲಾಗದೆ ಒಂಟಿಯಾಗುವುದು ಈ ವಯಸ್ಸಿನಲ್ಲಿ ಶಾಲೆ ಬಿಡಲು ಕಾರಣವಾಗಬಹುದು. ‘ಏನೂ ಇಲ್ಲ, ಬಿಡು’ ಎನ್ನದೆ ವಿಷಯವನ್ನು ಮತ್ತೊಮ್ಮೆ ಹೇಳುವಂತೆ ಸಹಪಾಠಿಗಳಿಗೆ ತಿಳಿಸಬೇಕು.

(ಊ) ಸಂಜೆಯ ವಿಶೇಷ ತರಗತಿ: ವಿದ್ಯುತ್ ಕಡಿತವಾದಾಗ ಉಳಿದವರು ಕತ್ತಲಲ್ಲೂ ಪಾಠ ಕೇಳಬಲ್ಲರು. ಈ ವಿದ್ಯಾರ್ಥಿಗೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಬದಲಿ ಬೆಳಕಿನ ವ್ಯವಸ್ಥೆ ಇರಬೇಕು.

5. ಶ್ರವಣ ಸಾಧನ ಮತ್ತು ಸಂಜ್ಞಾ ಭಾಷೆ

ಶ್ರವಣ ಸಾಧನವು ಎಲ್ಲಾ ಶಬ್ದವನ್ನೂ ಹೆಚ್ಚಿಸುತ್ತದೆ. ಅದನ್ನು ಧರಿಸಿದ ಕೂಡಲೇ ಮಾತು ಸ್ಪಷ್ಟವಾಗುತ್ತದೆಂದು ತಿಳಿಯಬಾರದು. ಬೇಸಿಗೆಯ ಬೆವರು ಮತ್ತು ಮಳೆಯ ತೇವದಿಂದ ಸಾಧನ ಕೆಡುವ ಕಾರಣ, ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಬೇಕು. ಬ್ಯಾಟರಿಯನ್ನು ಮುಂಚಿತವಾಗಿ ಖರೀದಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಭಾರತೀಯ ಸಂಜ್ಞಾ ಭಾಷೆಯು ತನ್ನದೇ ವ್ಯಾಕರಣವುಳ್ಳ ಭಾಷೆ. ಅದನ್ನು ಕಲಿತರೆ ಮಾತು ಕಲಿಯಲು ಅಡ್ಡಿಯಾಗುತ್ತದೆ ಎಂಬ ಭಯ ಬೇಡ. ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2015ರಲ್ಲಿ ನವದೆಹಲಿಯಲ್ಲಿ ಸ್ಥಾಪನೆಯಾಯಿತು. ಕೇಂದ್ರವು 2021ರಲ್ಲಿ 10,000 ಪದಗಳ ಸಂಜ್ಞಾ ನಿಘಂಟನ್ನು ಹೊರತಂದಿತು. ಸಂಜ್ಞಾ ಭಾಷೆಗೆ ಮೀಸಲಾದ ಪಿ.ಎಂ. ಇ-ವಿದ್ಯಾ ವಾಹಿನಿ 31, 06-12-2024ರಂದು ಆರಂಭವಾಯಿತು. ಪ್ರತಿ ವರ್ಷ ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ಅಂದು ಶಾಲೆಗಳಲ್ಲಿ ಎಲ್ಲಾ ವಿದ್ಯಾರ್ಥಿಗಳಿಗೆ ಕೆಲವು ಸಂಜ್ಞೆಗಳನ್ನು ಕಲಿಸಬಹುದು.

6. ಯು.ಡಿ.ಐ.ಡಿ. ಕಾರ್ಡ್ ಪಡೆಯುವ ವಿಧಾನ

• ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸುವುದು. ಭಾವಚಿತ್ರ, ಆಧಾರ್ ಹಾಗೂ ವಾಸಸ್ಥಳದ ದಾಖಲೆ ಸಿದ್ಧವಿರಲಿ.
• ನಿಗದಿತ ದಿನದಂದು ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು. ಹಳೆಯ ಚಿಕಿತ್ಸಾ ದಾಖಲೆಗಳಿದ್ದಲ್ಲಿ ತರುವುದು.
• ಕಾರ್ಡಿನ ಬಣ್ಣ: ಶೇ. 40ಕ್ಕಿಂತ ಕಡಿಮೆ – ಬಿಳಿ, ಶೇ. 40ರಿಂದ 80ಕ್ಕಿಂತ ಕಡಿಮೆ – ಹಳದಿ, ಶೇ. 80 ಮತ್ತು ಮೇಲ್ಪಟ್ಟು – ನೀಲಿ.

ಈ ಕಾರ್ಡ್ ದೇಶದಾದ್ಯಂತ ಮಾನ್ಯವಾಗಿರುತ್ತದೆ. ಗುಳೆ ಹೋಗುವ ಕುಟುಂಬದವರು ತಪಾಸಣಾ ದಿನಾಂಕವನ್ನು ಮುಂಚಿತವಾಗಿ ತಿಳಿದುಕೊಂಡು ಮಗುವನ್ನು ಹಾಜರುಪಡಿಸುವುದು.

7. ಶೈಕ್ಷಣಿಕ ಹಕ್ಕುಗಳು ಮತ್ತು ಸೌಲಭ್ಯಗಳು

• ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು (ಪ್ರಕರಣ 31).
• ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ದ್ವಿತೀಯ, ತೃತೀಯ ಭಾಷೆಗಳಿಂದ ವಿನಾಯಿತಿಗೆ ಅವಕಾಶ (ಪ್ರಕರಣ 17). ಮುಖ್ಯೋಪಾಧ್ಯಾಯರ ಮೂಲಕ, ಪರೀಕ್ಷಾ ಮಂಡಲಿಯ ಆಯಾ ವರ್ಷದ ಸುತ್ತೋಲೆಯಂತೆ, ನೋಂದಣಿ ಸಮಯದಲ್ಲಿಯೇ ಕೋರಬೇಕು.
• 9 ಮತ್ತು 10ನೇ ತರಗತಿಯವರಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ: ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ.
• ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ಮಾಸಿಕ ರೂ. 200ರಂತೆ 10 ತಿಂಗಳು ಪ್ರೋತ್ಸಾಹಧನ.
• ‘ಅಡಿಪ್’ ಯೋಜನೆಯಡಿ ಅರ್ಹರಿಗೆ ಶ್ರವಣ ಸಾಧನ.

ಮೈಸೂರು, ಬೆಳಗಾವಿ, ಕಲಬುರಗಿ ಮತ್ತು ಬಳ್ಳಾರಿಗಳಲ್ಲಿ ಕಿವುಡ ಮಕ್ಕಳ ಸರ್ಕಾರಿ ಶಾಲೆಗಳಿವೆ. ಈ ಮೂರು ತಾಲ್ಲೂಕುಗಳಿಗೆ ಕೊನೆಯ ಎರಡು ಸಮೀಪ. ಊರಿನ ಶಾಲೆಯೋ ವಿಶೇಷ ಶಾಲೆಯೋ ಎಂಬುದನ್ನು ನಿರ್ಧರಿಸುವ ಮೊದಲು ಮಗುವಿನ ಇಚ್ಛೆಯನ್ನೂ ಕೇಳುವುದು.

8. ಯಾರನ್ನು ಸಂಪರ್ಕಿಸಬೇಕು?

• ಶಾಲೆಗೆ ಸಂಬಂಧಿಸಿದ ವಿಷಯಗಳಿಗೆ: ಮುಖ್ಯೋಪಾಧ್ಯಾಯರು; ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.).
• ಕಾರ್ಡ್ ಮತ್ತು ಇತರೆ ಯೋಜನೆಗಳಿಗೆ: ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು; ತಾಲ್ಲೂಕು ಪಂಚಾಯತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು; ರಾಯಚೂರಿನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು.

ವಿಶೇಷ ಸೂಚನೆ: ಮಸ್ಕಿ ತಾಲ್ಲೂಕು ನೆರೆಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚನೆಯಾದುದರಿಂದ, ಅಲ್ಲಿನ ಪಾಲಕರು ತಮ್ಮ ಶಾಲೆ ಯಾವ ಶೈಕ್ಷಣಿಕ ವಲಯಕ್ಕೆ ಸೇರಿದೆ ಎಂಬುದನ್ನು ಮುಖ್ಯೋಪಾಧ್ಯಾಯರಿಂದ ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸುವುದು. ಅರ್ಜಿಯ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.