ಗಡಿಗೆಯ ಬಾಯಿ ಮುಚ್ಚುವ ಹಬ್ಬ



ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು. ಮತ್ತಿಗಿರಿ, ಹೊಸೂರು ಸೀಮೆಯ ಮಕ್ಕಳಿಗೆ ಇದು ಹೊಸದಲ್ಲ. ಮೊದಲು ನಮ್ಮ ಯುಗಾದಿ, ಕೆಲವು ದಿನ ಕಳೆದರೆ ಚಿತ್ತಿರೈ ತಿಂಗಳ ತಮಿಳು ಹೊಸ ವರ್ಷ. ಎರಡೂ ನಮಗೆ ಬೇಕಾದವೇ. ಆದರೆ ಬೇವು ಬೆಲ್ಲ ಏಕೆ ತಿನ್ನಬೇಕು ಎಂದು ಹದಿನಾಲ್ಕು ವರ್ಷದ ಮಗ ಕೇಳಿದರೆ ಎಷ್ಟು ಮನೆಗಳಲ್ಲಿ ಉತ್ತರ ಸಿಗುತ್ತದೆ? "ಹಿಂದಿನಿಂದ ಬಂದದ್ದು, ಸುಮ್ಮನೆ ತಿನ್ನು" ಎಂದುಬಿಡುತ್ತೇವೆ. ಇಂಥದೇ ಪ್ರಶ್ನೆಗೆ ಉತ್ತರ ಕಳೆದುಕೊಂಡು, ಮತ್ತೆ ಹುಡುಕಿಕೊಂಡ ಒಂದು ಸಣ್ಣ ಸಮುದಾಯದ ಚರಿತ್ರೆಯನ್ನು ಇಂದು ಹೇಳುತ್ತೇನೆ.

ಅವರು ಕೊಂಕಣ ಕರಾವಳಿಯ ಯೆಹೂದ್ಯರು. ತಮ್ಮನ್ನು ಬೆನೆ ಇಸ್ರೇಲ್ ಎಂದು ಕರೆದುಕೊಂಡರು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ನವಗಾಂವ್ ಬಳಿ ದಡ ಸೇರಿದರು, ಧರ್ಮಗ್ರಂಥಗಳೆಲ್ಲ ಕಡಲಿನ ಪಾಲಾದವು ಎಂಬುದು ಅವರ ಐತಿಹ್ಯ. ಹಳ್ಳಿಗಳಲ್ಲಿ ಗಾಣ ಕಟ್ಟಿ ಎಣ್ಣೆ ತೆಗೆದು ಬದುಕಿದರು. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅದರಿಂದಲೇ ಊರಿನವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದರು. ಆಡುಮಾತು ಮರಾಠಿಯಾಯಿತು. ಹೀಬ್ರೂ ಭಾಷೆ ಮರೆಯಿತು. ದೇವರೊಬ್ಬನೇ ಎಂದು ಸಾರುವ 'ಶೆಮಾ' ಎಂಬ ಪ್ರಾರ್ಥನೆ ಮಾತ್ರ ನಾಲಿಗೆಯ ಮೇಲೆ ನಿಂತಿತು.

ಹಬ್ಬಗಳು ಹೋಗಲಿಲ್ಲ, ಹೆಸರು ಬದಲಾಯಿಸಿಕೊಂಡವು. ವರ್ಷದ ಮೊದಲ ದಿನ 'ನವ್ಯಾಚಾ ಸಣ್', ಹೊಸತಿನ ಹಬ್ಬ. ಉಪವಾಸವಿದ್ದು, ಬಿಳಿಯ ಬಟ್ಟೆ ಉಟ್ಟು, ಬಾಗಿಲು ಹಾಕಿಕೊಂಡು ಮನೆಯೊಳಗೇ ಕಳೆಯುವ ಪ್ರಾಯಶ್ಚಿತ್ತದ ದಿನ ಬಾಗಿಲು ಮುಚ್ಚುವ ಹಬ್ಬ. ಖೀರಿನ ಹಬ್ಬ ಒಂದಿತ್ತು. ಜೆರುಸಲೇಮಿನ ದೇವಾಲಯ ಹಾಳಾದ ದುಃಖದ ದಿನಕ್ಕೆ 'ಬಿರಡ್ಯಾಚಾ ಸಣ್' ಎಂದು ಹೆಸರು. ಬಿರಡೆ ಎಂದರೆ ಮೊಳಕೆ ಬರಿಸಿದ ಅವರೆಕಾಳಿನ ಅಡಿಗೆ.

ಇನ್ನೊಂದು ಹಬ್ಬ ವಿಚಿತ್ರವಾದದ್ದು. ಅಡಿಗೆಗೆ ಬಳಸುವ ಹುಳಿನೀರು ತುಂಬಿದ ಮಣ್ಣಿನ ಗಡಿಗೆ ಪ್ರತಿ ಮನೆಯಲ್ಲೂ ಇರುತ್ತಿತ್ತು. ವರ್ಷಕ್ಕೊಮ್ಮೆ ಅದರ ಬಾಯಿ ಮುಚ್ಚಿ, ಹಬ್ಬ ಮುಗಿಯುವವರೆಗೆ ಮುಟ್ಟುತ್ತಿರಲಿಲ್ಲ. ಏಕೆ ಎಂದು ಮಕ್ಕಳಿಗೆ ಹೇಳುವವರು ಇರಲಿಲ್ಲ. ಅಜ್ಜಿ ಮುಚ್ಚುತ್ತಿದ್ದಳು, ಸೊಸೆಯೂ ಮುಚ್ಚಿದಳು.

ಆ ಮೇಲೆ ದಾವೀದ್ ರಹಾಬಿ ಎಂಬಾತ ಬಂದ. ಅವನ ಕಾಲದ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. 18ನೇ ಶತಮಾನದ ಕೊಚ್ಚಿಯ ಯೆಹೂದ್ಯ ವರ್ತಕನೇ ಅವನೆಂದು ಹಲವರ ಅಭಿಪ್ರಾಯ. ಇವರು ನಿಜವಾಗಿ ಯೆಹೂದ್ಯರೇ ಎಂದು ತಿಳಿಯಲು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟನಂತೆ. ಅವರು ರೆಕ್ಕೆ ಮತ್ತು ಪೊರೆ ಇಲ್ಲದ ಮೀನನ್ನು ಬೇರೆ ಇಟ್ಟರು. ಅದು ಧರ್ಮಗ್ರಂಥದ ನಿಯಮ. ಗ್ರಂಥ ಓದದ ಕೈಗಳಿಗೂ ಗೊತ್ತಿತ್ತು. ರಹಾಬಿ ಮೂವರು ತರುಣರನ್ನು ಆರಿಸಿ ವಿದ್ಯೆ ಕಲಿಸಿದ, ಅವರು ಹಳ್ಳಿ ಹಳ್ಳಿ ತಿರುಗಿ ಜನರಿಗೆ ಕಲಿಸಿದರು ಎಂಬುದು ಪರಂಪರೆಯ ಮಾತು.

ಗಡಿಗೆಯ ಅರ್ಥವೂ ಹೀಗೆ ತಿಳಿಯಿತು. ಅವರ ಪೂರ್ವಿಕರು ಈಜಿಪ್ಟಿನಲ್ಲಿ ಗುಲಾಮರಾಗಿದ್ದರು. ಬಿಡುಗಡೆಯ ರಾತ್ರಿ ಹಿಟ್ಟು ಹುಳಿಯುವಷ್ಟು ಹೊತ್ತೂ ಇರಲಿಲ್ಲ. ಹಾಗೆಯೇ ರೊಟ್ಟಿ ಸುಟ್ಟು ಹೊರಟರು. ಅದರ ನೆನಪಿಗೆ ಪೆಸಾಹ್ ಹಬ್ಬದಲ್ಲಿ ಹುಳಿ ಬಂದ ಹಿಟ್ಟು ಮನೆಯಲ್ಲಿ ಇರಬಾರದು. ಕೊಂಕಣದ ಅಡಿಗೆಮನೆಯಲ್ಲಿ ಆ ನಿಯಮ ಗಡಿಗೆಯ ಮುಚ್ಚಳವಾಗಿ ಉಳಿದಿತ್ತು.

ಇಲ್ಲಿ ಮೈಸೂರಿನ ಚರಿತ್ರೆಯೂ ಬಂದು ಸೇರುತ್ತದೆ. ಕಂಪನಿಯ ಸೈನ್ಯದಲ್ಲಿದ್ದ ಬೆನೆ ಇಸ್ರೇಲ್ ಅಧಿಕಾರಿ ಸಾಮುವೇಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾದ. ಬಿಡುಗಡೆಯಾಗಿ ಬಂದು, 1796ರಲ್ಲಿ ಮುಂಬಯಿಯಲ್ಲಿ ತನ್ನವರ ಮೊದಲ ಪ್ರಾರ್ಥನಾಮಂದಿರವನ್ನು ಕಟ್ಟಿಸಿದ. 19ನೇ ಶತಮಾನದಲ್ಲಿ ಕೊಚ್ಚಿಯಿಂದ ಉಪಾಧ್ಯಾಯರು ಬಂದರು. 1846ರಲ್ಲಿ ಪೆಸಾಹ್ ರಾತ್ರಿ ಓದುವ ಪುಸ್ತಕ ಮರಾಠಿ ಅನುವಾದದೊಡನೆ ಅಚ್ಚಾಯಿತು. ಆ ರಾತ್ರಿಯ ಕ್ರಮ ಕೇಳಿರಿ: ಊಟದ ಸುತ್ತ ಕುಳಿತಾಗ ಮನೆಯ ಅತಿ ಕಿರಿಯ ಮಗು ಈ ರಾತ್ರಿಯ ವಿಶೇಷವೇನೆಂದು ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರ ಹೇಳಲೇಬೇಕು. ಮರಾಠಿ ಅಚ್ಚಾದ್ದರಿಂದ ಉತ್ತರ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಸಿಕ್ಕಿತು. 1875ರಲ್ಲಿ ಹಾಯೀಂ ಸಾಮುವೇಲ್ ಕೆಹಿಮಕರ್ ಮುಂಬಯಿಯಲ್ಲಿ ತಮ್ಮವರ ಮಕ್ಕಳಿಗೆ ಶಾಲೆ ತೆರೆದರು.

ನಮ್ಮ ಪಕ್ಕದ ಬೆಂಗಳೂರಿನಲ್ಲೂ ಕೆಲವೇ ಯೆಹೂದ್ಯ ಮನೆಗಳಿದ್ದವು. ಅವರ ಸ್ಮಶಾನಕ್ಕೆ 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜಾಗ ಕೊಟ್ಟರು. ಊರಲ್ಲಿ ಪ್ರಾರ್ಥನಾಮಂದಿರ ಇರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆ ಅಂಗಡಿ ಇಟ್ಟಿದ್ದ ರೂಬಿನ್ ಮೋಸಸ್ ಅವರ ಮನೆಯಲ್ಲೇ ಹಬ್ಬದ ಪ್ರಾರ್ಥನೆ ನಡೆಯುತ್ತಿತ್ತು. ಅಲ್ಲಿಯ ಮಕ್ಕಳಿಗೆ ಮನೆಯೇ ಪಾಠಶಾಲೆ.

1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಇಲ್ಲಿ ಕೆಲವು ಸಾವಿರ ಮಂದಿ ಉಳಿದರು.

ಬಾಂಧವರೇ, ಗಡಿಗೆ ಮುಚ್ಚಿದ ಅಜ್ಜಿಯರು ಇರದಿದ್ದರೆ ಉಪಾಧ್ಯಾಯನಿಗೆ ವಿವರಿಸಲು ಏನೂ ಉಳಿಯುತ್ತಿರಲಿಲ್ಲ. ಉಪಾಧ್ಯಾಯ ಬಾರದಿದ್ದರೆ, ಮಡಕೆ ಹೋಗಿ ಸ್ಟೀಲು ಪಾತ್ರೆ ಬಂದ ದಿನ ಆ ಹಬ್ಬವೂ ಹೋಗುತ್ತಿತ್ತು. ಶಾಲೆಯಲ್ಲಿ ತಮಿಳು ಓದುವ ನಮ್ಮ ಮಕ್ಕಳು ಅದನ್ನು ಚೆನ್ನಾಗಿಯೇ ಓದಲಿ. ಮನೆಯ ಹಬ್ಬದ ಅರ್ಥವನ್ನು ಮಾತ್ರ ಮನೆಮಾತಿನಲ್ಲಿ ನಾವೇ ಹೇಳಬೇಕು. ಗೊತ್ತಿಲ್ಲದಿದ್ದರೆ ಊರಿನ ಹಿರಿಯರನ್ನು ಕೇಳಿ ತಿಳಿದು ಹೇಳೋಣ. ಕೇಳುವ ವಯಸ್ಸು ದಾಟಿದ ಮೇಲೆ ಮಕ್ಕಳು ಕೇಳುವುದಿಲ್ಲ.