ಪಿಕಪ್ ಡೀಸೆಲ್ ಎಂಜಿನ್: ಪಂಪ್ ಬಿಚ್ಚುವ ಮುನ್ನ ಗಮನಿಸಬೇಕಾದದ್ದು

ತರಕಾರಿ, ಹಾಲು, ಮೀನು, ಅಡಿಕೆ ಸಾಗಿಸುವ ಪಿಕಪ್ ವಾಹನ ಒಂದು ದಿನ ನಿಂತರೆ ಮಾಲೀಕನಿಗೆ ಅಂದಿನ ಬಾಡಿಗೆ ತಪ್ಪುತ್ತದೆ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಈ ಅವಸರದಲ್ಲಿ 'ಪಂಪ್ ಹೋಗಿದೆ' ಎಂಬ ತೀರ್ಮಾನಕ್ಕೆ ಬಂದು ಎಂಜಿನ್‌ನ ಅತಿ ದುಬಾರಿ ಭಾಗವನ್ನೇ ಮೊದಲು ಬಿಚ್ಚಿಸುವುದು ರೂಢಿಯಾಗಿಬಿಟ್ಟಿದೆ. ಎಳೆತ ಕುಂದುವುದು, ಬೆಳಗ್ಗೆ ಚಾಲನೆಗೊಳ್ಳದಿರುವುದು, ಹೊಗೆ ಹೆಚ್ಚುವುದು ಮುಂತಾದ ದೋಷಗಳಿಗೆ ಅನೇಕ ವೇಳೆ ಕೆಲವೇ ನೂರು ರೂಪಾಯಿಗಳ ಫಿಲ್ಟರ್, ಕೊಳವೆ ಅಥವಾ ಕ್ಲಿಪ್ ಕಾರಣವಾಗಿರುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್‌ನೊಳಗೆ ಬಿಗಿಯಾಗಿ ಅದುಮಲ್ಪಟ್ಟ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾಗಿ ಕಾಯುತ್ತದೆ. ಅದರೊಳಕ್ಕೆ ಸಿಂಪಡಿಸಿದ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ದೋಷ ಎಲ್ಲಿಯೇ ಇರಲಿ, ಗಾಳಿ ಸಾಲದು, ಒತ್ತಡ ಸಾಲದು ಅಥವಾ ಇಂಧನ ಸರಿಯಾದ ವೇಳೆಗೆ ಸರಿಯಾದ ಪ್ರಮಾಣದಲ್ಲಿ ಬರುತ್ತಿಲ್ಲ ಎಂಬ ಮೂರರಲ್ಲಿ ಒಂದಾಗಿರುತ್ತದೆ.

ಹೊಗೆಯ ಬಣ್ಣ

ಹೊಗೆಯೇ ಮೊದಲ ಸಾಕ್ಷಿ. ಕಪ್ಪು ಹೊಗೆ ಎಂದರೆ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿದೆ ಎಂದರ್ಥ. ಹೊರೆ ಹೊತ್ತು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಏರುವಾಗ ಮಾತ್ರ ಕಪ್ಪು ಹೊಗೆಯೆದ್ದು ಎಳೆತ ಬಿಟ್ಟುಹೋದರೆ ಏರ್ ಫಿಲ್ಟರನ್ನೂ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಕೊಳವೆಯನ್ನೂ ಮೊದಲು ಪರೀಕ್ಷಿಸಬೇಕು. ಕೊಳವೆಯ ಸಣ್ಣ ಸೀಳು ಎಂಜಿನ್ ಸುಮ್ಮನೆ ಓಡುವಾಗ ಕಾಣಿಸದು. ಹೊರೆ ಬಿದ್ದಾಗ ಅದು ಬಾಯಿ ತೆರೆಯುತ್ತದೆ, ಸಿಳ್ಳೆಯಂತಹ ಸದ್ದು ಕೇಳಿಸುತ್ತದೆ. ತೆರೆದ ಸ್ಥಿತಿಯಲ್ಲಿ ಮಸಿ ಹಿಡಿದು ಸಿಲುಕಿದ ಇಜಿಆರ್ ವಾಲ್ವ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ತಣ್ಣನೆಯ ಎಂಜಿನ್ ಬಿಳಿ ಹೊಗೆ ಬಿಟ್ಟು ಸ್ವಲ್ಪ ಹೊತ್ತಿನಲ್ಲಿ ನಿಂತರೆ ಹೆದರಬೇಕಿಲ್ಲ. ಕಾದ ಮೇಲೂ ಅದು ನಿಲ್ಲದೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಶಂಕಿಸಬೇಕು, ವಾಹನ ಓಡಿಸಬಾರದು.

ನೀರು ಮತ್ತು ಗಾಳಿ

ರಾತ್ರಿ ನಿಲ್ಲಿಸಿದ ವಾಹನ ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಚಾಲನೆಗೊಂಡು, ಹಗಲೆಲ್ಲ ಸರಿಯಾಗಿ ಓಡುತ್ತಿದ್ದರೆ ಇಂಧನದ ಹಾದಿಗೆ ಗಾಳಿ ಸೇರುತ್ತಿರುವ ಸಾಧ್ಯತೆ ಹೆಚ್ಚು. ಟ್ಯಾಂಕ್ ಮತ್ತು ಪಂಪ್ ನಡುವಿನ ಕೊಳವೆಯಲ್ಲಿ ಹೀರುವ ಒತ್ತಡ ಇರುವಲ್ಲಿ ಬಿರುಕಿನಿಂದ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ತೇವ ಕಾಣದ ಕಾರಣ ದೋಷ ಪತ್ತೆಯಾಗದು. ಫಿಲ್ಟರ್‌ನ ಬಳಿ ತಾತ್ಕಾಲಿಕವಾಗಿ ಪಾರದರ್ಶಕ ಕೊಳವೆ ಜೋಡಿಸಿದರೆ ಗುಳ್ಳೆಗಳು ಕಾಣಿಸುತ್ತವೆ. ಫಿಲ್ಟರ್‌ನ ತಳದಲ್ಲಿ ಸಂಗ್ರಹವಾಗುವ ನೀರನ್ನು, ವಿಶೇಷವಾಗಿ ಮಳೆಗಾಲದಲ್ಲಿ, ಆಗಾಗ ಹೊರಬಿಡದಿದ್ದರೆ ಇಂಜೆಕ್ಟರ್‌ಗಳು ತುಕ್ಕು ಹಿಡಿಯುತ್ತವೆ. ಇದೊಂದು ಐದು ನಿಮಿಷದ ಕೆಲಸ.

ಕಾಮನ್ ರೈಲ್ ಎಂಜಿನ್‌ಗಳಲ್ಲಿ ಪಂಪನ್ನು ದೂಷಿಸುವ ಮುನ್ನ ಇಂಜೆಕ್ಟರ್‌ಗಳಿಂದ ಮರಳಿ ಟ್ಯಾಂಕಿಗೆ ಹೋಗುವ ಇಂಧನವನ್ನು ಅಳೆಯಬಹುದು. ಪ್ರತಿ ಇಂಜೆಕ್ಟರ್‌ನ ಮರಳು ಕೊಳವೆಗೆ ಒಂದೊಂದು ಬಾಟಲಿ ಜೋಡಿಸಿ ಎಂಜಿನ್ ಓಡಿಸಿದಾಗ ಒಂದರಲ್ಲಿ ಮಾತ್ರ ಬಹಳ ಹೆಚ್ಚು ಡೀಸೆಲ್ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ ಎಂದು ತಿಳಿಯಬೇಕು. ಒಂದರ ಸೋರಿಕೆಯಿಂದಲೇ ಇಡೀ ರೈಲಿನ ಒತ್ತಡ ಕುಸಿದು, ಪಂಪ್ ದುರ್ಬಲವಾದಂತೆ ತೋರುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್‌ನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವುದು ಹಳೆಯ ಯಾಂತ್ರಿಕ ಪಂಪ್‌ಗಳ ಕಾಲದ ಪದ್ಧತಿ. ಕಾಮನ್ ರೈಲಿನಲ್ಲಿ ಒತ್ತಡ 1,600 ಬಾರ್‌ವರೆಗೂ, ಕೆಲವದರಲ್ಲಿ ಅದಕ್ಕೂ ಹೆಚ್ಚು ಇರುತ್ತದೆ. ಪಿಕಪ್‌ನ ಟಯರಿನಲ್ಲಿರುವುದು ನಾಲ್ಕೈದು ಬಾರ್ ಮಾತ್ರ. ಈ ಒತ್ತಡದ ಸಿಂಪಡಣೆ ಚರ್ಮವನ್ನು ಸೀಳಿ ಒಳನುಗ್ಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದಾದ್ದರಿಂದ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆಯನ್ನು ಕೈಯಿಂದ ಸವರಿ ಹುಡುಕುವುದಂತೂ ಕೂಡದು.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಬಳಿಕ ಪಿಕಪ್‌ಗಳಿಗೆ ಮಸಿ ಹಿಡಿಯುವ ಡಿಪಿಎಫ್ ಸೇರಿಕೊಂಡಿದೆ. ಈ ಶೋಧಕದಲ್ಲಿ ಕೂಡಿದ ಮಸಿಯನ್ನು ಸುಮಾರು 600 ಡಿಗ್ರಿ ಉಷ್ಣದಲ್ಲಿ ಸುಡಬೇಕಾಗುತ್ತದೆ. ಪೇಟೆಯೊಳಗೆ ಅಂಗಡಿಯಿಂದ ಅಂಗಡಿಗೆ ನಿಂತು ಓಡುವ ವಾಹನಕ್ಕೆ ಆ ಉಷ್ಣ ದೊರಕದೆ ದೀಪ ಹೊತ್ತಿಕೊಳ್ಳುತ್ತದೆ. ಆಗ ಕೈಪಿಡಿ ಹೇಳುವಂತೆ ಹೆದ್ದಾರಿಯಲ್ಲಿ ಕೆಲಕಾಲ ಸಮವೇಗದಲ್ಲಿ ಓಡಿಸುವುದೇ ಮೊದಲ ಉಪಾಯ. ಅರ್ಧಕ್ಕೆ ನಿಂತ ಸುಡುವಿಕೆಯಿಂದ ಡೀಸೆಲ್ ಆಯಿಲ್‌ಗೆ ಬೆರೆಯುವುದೂ ಉಂಟು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಸಂತೋಷಪಡುವಂತಿಲ್ಲ, ಬದಲಾಯಿಸಬೇಕು.

ಟ್ಯೂನಿಂಗ್ ಎಂಬ ಹೆಸರಿನಲ್ಲಿ ಹಿಂದೆ ಪಂಪಿನ ಸ್ಕ್ರೂ ತಿರುಗಿಸಿ ಇಂಧನ ಹೆಚ್ಚಿಸುತ್ತಿದ್ದರು. ಈಗ ಇಸಿಯು ತಂತ್ರಾಂಶವನ್ನೇ ಬದಲಿಸುವವರಿದ್ದಾರೆ. ಎಳೆತ ಹೆಚ್ಚುವುದು ನಿಜ. ಆದರೆ ಹೆಚ್ಚಿನ ಇಂಧನದೊಂದಿಗೆ ಹೊಗೆಯ ಉಷ್ಣವೂ ಏರಿ, ದೀರ್ಘ ಘಾಟಿಯಲ್ಲಿ ಪಿಸ್ಟನ್, ಟರ್ಬೊ, ಕ್ಲಚ್‌ಗಳು ಅದರ ಬೆಲೆ ತೆರುತ್ತವೆ. ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುವುದು ಬೇರೆ. ಟ್ಯಾಪೆಟ್ ಅಂತರ ಹೊಂದಿಸುವುದು, ಯಾಂತ್ರಿಕ ಪಂಪ್ ಇದ್ದಲ್ಲಿ ಟೈಮಿಂಗ್ ಸರಿಪಡಿಸುವುದು, ಇಂಜೆಕ್ಟರ್‌ನ ಸಿಂಪಡಣೆಯನ್ನು ಬೆಂಚ್ ಮೇಲೆ ಪರೀಕ್ಷಿಸುವುದು, ಇವಿಷ್ಟೂ ಕಂಪನಿ ನಿಗದಿಪಡಿಸಿದ ಅಳತೆಗೆ ಬಂದರೆ ಬಹುತೇಕ ಹಳೆಯ ಪಿಕಪ್‌ಗಳು ಕಳೆದುಕೊಂಡ ಎಳೆತವನ್ನು ಮರಳಿ ಪಡೆಯುತ್ತವೆ.