ಸ್ಪ್ರೆಡ್‌ಶೀಟ್‌ಗೆ ಅರ್ಥವಾಗದ ಕಾಲು, ಅರ್ಧ, ಮುಕ್ಕಾಲು

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಒಬ್ಬ ರೈತರಿಗೆ ಎರಡು ತುಂಡು ಹೊಲ ಇದೆ ಅಂದ್ಕೊಳ್ಳಿ. ಒಂದು 1 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ. ಫೋನಲ್ಲಿ ಸ್ಪ್ರೆಡ್‌ಶೀಟ್ ತೆಗೆದು 1.30, 1.20 ಅಂತ ಹಾಕಿ ಕೂಡಿಸಿ. ಉತ್ತರ 2.5 ಬರುತ್ತೆ. ಆದರೆ 40 ಗುಂಟೆಗೆ ಒಂದು ಎಕರೆ ಅಲ್ವಾ? ಹಾಗಾಗಿ ಸರಿಯಾದ ಮೊತ್ತ 3 ಎಕರೆ 10 ಗುಂಟೆ. ಮುಕ್ಕಾಲು ಎಕರೆ ಮಾಯ!

ಇಲ್ಲಿ ಕೂಡಿಸಿದ್ದು ತಪ್ಪಲ್ಲ, ಚುಕ್ಕಿಯ ಅರ್ಥ ಬೇರೆಯಾಯ್ತು. ನಮಗೆ ಅದು ಎಕರೆ ಮತ್ತು ಗುಂಟೆಯ ನಡುವಿನ ಗಡಿ. ಯಂತ್ರಕ್ಕೆ ಅದು ದಶಮಾಂಶ.

ಗೊಟಗೋಡಿ ಅಂದ್ರೆ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರೋ ಊರು. ಜಾನಪದ ಅಂದ ಕೂಡಲೇ ನಮಗೆ ಡೊಳ್ಳು, ಲಾವಣಿ ನೆನಪಾಗುತ್ತೆ. ನನ್ನ ಪ್ರಕಾರ ಲೆಕ್ಕ ಬರೆಯೋ ರೀತಿಯೂ ಜನರ ಜ್ಞಾನವೇ. ಹಳೆಯ ಕನ್ನಡ ಲೆಕ್ಕಪತ್ರಗಳಲ್ಲಿ ಭಿನ್ನರಾಶಿಗೆ ಗೀಟುಗಳಿದ್ದವು. ಒಂದು ನಿಂತ ಗೀಟು ಅಂದ್ರೆ ಕಾಲು, ಎರಡು ಅಂದ್ರೆ ಅರ್ಧ, ಮೂರು ಅಂದ್ರೆ ಮುಕ್ಕಾಲು. ಹದಿನಾರನೇ ಒಂದು ಪಾಲಿಗೆ, ಅಂದ್ರೆ ಒಂದು ಆಣೆಗೆ, ಓರೆ ಅಥವಾ ಅಡ್ಡ ಗೀಟು. ನಾಲ್ಕು ಆಣೆ ಸೇರಿದರೆ ಒಂದು ನಿಂತ ಗೀಟು, ನಾಲ್ಕು ಕಾಲು ಸೇರಿದರೆ ಪೂರ್ತಿ ಒಂದು. ಆರು ಆಣೆ ಬರೀಬೇಕಾ? ಒಂದು ನಿಂತ ಗೀಟು, ಎರಡು ಓರೆ ಗೀಟು. ಮುಗೀತು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯ್ತು. ಗೀಟುಗಳ ಬಳಕೆಯೂ ಮರೆಯಾಯ್ತು. ಆದರೆ ಹೊಲದ ಆಣೆ ಹೋಗಲಿಲ್ಲ. ಇವತ್ತಿಗೂ ಪಹಣಿಯಲ್ಲಿ 16 ಆಣೆಗೆ ಒಂದು ಗುಂಟೆ.

ಅದೇ 1957ರಲ್ಲಿ ಅಮೆರಿಕದಲ್ಲಿ ಫೋರ್ಟ್ರಾನ್ ಅನ್ನೋ ಕಂಪ್ಯೂಟರ್ ಭಾಷೆ ಹೊರಬಂತು. ಅದರಲ್ಲಿ ಗುಣಾಕಾರಕ್ಕೆ × ಇಲ್ಲ, ಬದಲಿಗೆ * ಇತ್ತು. 1979ರಲ್ಲಿ ವಿಸಿಕ್ಯಾಲ್ಕ್, ಆಮೇಲೆ 1985ರಲ್ಲಿ ಎಕ್ಸೆಲ್ ಬಂದಾಗಲೂ ಇದೇ ರೂಢಿ ಮುಂದುವರೀತು. ಅದಕ್ಕೇ ಫಾರ್ಮುಲಾದಲ್ಲಿ √ ಹಾಕಿದರೆ ನಡೆಯಲ್ಲ, ಎಸ್‌ಕ್ಯೂಆರ್‌ಟಿ ಅಂತ ಹೆಸರು ಹೇಳಬೇಕು. ≤ ಬೇಕಿದ್ದರೆ < ಮತ್ತು = ಅಕ್ಕಪಕ್ಕ ಹಾಕಬೇಕು.

ನಮ್ಮ ಗೀಟುಗಳಿಗೂ 2009ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು. ಉತ್ತರ ಭಾರತದ ಭಿನ್ನರಾಶಿಗಳು ಅನ್ನೋ ಹೆಸರಲ್ಲಿ ಸೇರಿದರೂ ಅವು ಕನ್ನಡದಲ್ಲೂ ಬಳಕೆಯಾದ ಚಿಹ್ನೆಗಳೇ. ಯೂನಿಕ್ಯಾರ್ ಅನ್ನೋ ಫಂಕ್ಷನ್‌ಗೆ 43056 ಕೊಟ್ಟರೆ ಕಾಲಿನ ಗೀಟು ಬರುತ್ತೆ. 43057 ಅರ್ಧ, 43058 ಮುಕ್ಕಾಲು. ಫಾಂಟ್‌ನಲ್ಲಿ ಚಿಹ್ನೆ ಇಲ್ಲದಿದ್ದರೆ ಖಾಲಿ ಡಬ್ಬಿ ಕಾಣಬಹುದು. ಗೀಟು ಕಂಡರೂ ಅದಕ್ಕೆ ಒಂದನ್ನು ಕೂಡಿಸಿ ನೋಡಿ, ಎರರ್! ಯಾಕಂದ್ರೆ ಸೆಲ್‌ನಲ್ಲಿ ಇರೋದು ಅಕ್ಷರ, ಸಂಖ್ಯೆ ಅಲ್ಲ. ಶಾನುಭೋಗರ ಕೈಯಲ್ಲಿ ಆ ಗೀಟೇ ಬೆಲೆಯಾಗಿತ್ತು. ಯಂತ್ರಕ್ಕೆ ಬೆಲೆಯನ್ನ ಬೇರೆಯಾಗಿ ಹೇಳಬೇಕು.

ಹಾಗಾದ್ರೆ ಏನ್ ಮಾಡೋದು? ಸೆಲ್‌ನಲ್ಲಿ 0.25 ಇಡಿ. ಅದು ಕಣ್ಣಿಗೆ ಗೀಟಾಗಿ ಕಾಣೋ ಹಾಗೆ ಕಸ್ಟಮ್ ನಂಬರ್ ಫಾರ್ಮ್ಯಾಟ್ ಕೊಡಿ. ಆಗ ಚಿಹ್ನೆಯೂ ಉಳಿಯುತ್ತೆ, ಲೆಕ್ಕವೂ ನಡೆಯುತ್ತೆ. ಹೊಲಕ್ಕಾದರೆ ಎಕರೆ, ಗುಂಟೆ, ಆಣೆಗೆ ಮೂರು ಬೇರೆ ಕಾಲಂ ಮಾಡಿ. ಎಕರೆಯನ್ನ 640ರಿಂದ, ಗುಂಟೆಯನ್ನ 16ರಿಂದ ಗುಣಿಸಿ, ಆಣೆ ಕೂಡಿಸಿ. ಎಲ್ಲ ಆಣೆಯಲ್ಲಿ ಸಿಗುತ್ತೆ. ನಮ್ಮ ಎರಡು ತುಂಡಿಗೆ ಒಟ್ಟು 2080 ಆಣೆ. 640ರಿಂದ ಭಾಗಿಸಿದರೆ ಮೂರು ಎಕರೆ, ಉಳಿದ 160 ಆಣೆ ಅಂದ್ರೆ 10 ಗುಂಟೆ.

ಮನೆಯಲ್ಲಿ ಅಜ್ಜನ ಕಾಲದ ಲೆಕ್ಕದ ಪುಸ್ತಕ ಇದ್ದರೆ ಈ ವಾರ ಒಮ್ಮೆ ತೆಗೆದು ನೋಡಿ. ಅಂಕಿಯ ಪಕ್ಕದಲ್ಲಿರೋ ಗೀಟುಗಳನ್ನ ಗೀಚಿದ್ದು ಅಂದ್ಕೋಬೇಡಿ. ಅದನ್ನ ಓದಬಲ್ಲ ಹಿರಿಯರಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಫೋಟೋ ತೆಗೆದಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.